ಒಂದ್ಸಲ ಹೇಳಿದ ಉತ್ತರ ಸಾಕಾಗಲ್ವಾ?

ಸಂಪಾದಕರಿಗೆ ನಮಸ್ಕಾರ,

ನನ್ನ ಅಪ್ಪ ಅಮ್ಮ ಬೇರೆ ಬೇರೆ ಜನಾಂಗದವ್ರು. ಇದ್ರಲ್ಲಿ ಮುಚ್ಚಿಡೋದೇನೂ ಇಲ್ಲ, ಮುಖ ನೋಡಿದ್ರೇ ಗೊತ್ತಾಗತ್ತೆ, ಆದ್ರೆ ನೋಡಿದವ್ರಿಗೆ ಅರ್ಧ ಗೊತ್ತಾಗಿ ಇನ್ನರ್ಧ ತಿಳ್ಕೊಳ್ದೆ ಸಮಾಧಾನ ಇರಲ್ಲ. ಹೋದ ತಿಂಗ್ಳು ಆಸ್ಪತ್ರೆಲಿ ಟೋಕನ್ ಹಿಡ್ಕೊಂಡು ಕೂತಿದ್ದೆ, ಪಕ್ಕದಲ್ಲಿದ್ದವ್ರು ಮೊದ್ಲು ನನ್ನ ಕೂದ್ಲು ನೋಡಿದ್ರು, ಆಮೇಲೆ ಮೂಗು, ಆಮೇಲೆ ಕೈ, "ನೀವು ಎಲ್ಲಿಯವ್ರು?" ಅಂದ್ರು. ಹೇಳ್ದೆ. "ಅಲ್ಲ, ಮೂಲ ಎಲ್ಲಿ?" ಅದೇ ಊರು ಅಂದೆ. "ಅದಲ್ಲಾರೀ, ಅಪ್ಪ ಅಮ್ಮ ಯಾವ ಜನ?" ಇಷ್ಟೆಲ್ಲಾ ಕೇಳಿದವ್ರು ನನ್ನ ಹೆಸ್ರು ಕೇಳ್ಲಿಲ್ಲ.

ಕೇಳೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ನಾಲ್ಕು ದಿನ ಮಾತಾಡಿ ಪರಿಚಯ ಆದವ್ರು ಕೇಳಿದ್ರೆ ನಮ್ಮಜ್ಜಿ ತಾತನ ಕಥೆನೆಲ್ಲಾ ಖುಷಿಯಾಗಿ ಹೇಳ್ತೀನಿ. ನನಗೆ ನೋವಾಗೋದು ಎರಡನೇ ಸಲ ಕೇಳಿದಾಗ, ಯಾಕಂದ್ರೆ ಆಗ ನನ್ನ ಉತ್ತರ ಸುಳ್ಳು ಅಂದಂಗೆ, ನಾನು ಯಾರು ಅಂತ ನನಗಿಂತ ಅವ್ರಿಗೇ ಚೆನ್ನಾಗ್ ಗೊತ್ತು ಅಂದಂಗೆ. ಕೆಲವ್ರಂತೂ ಕೇಳ್ದೆನೇ ಕೂದ್ಲು ಮುಟ್ಟಿ ನೋಡ್ತಾರೆ. ದಕ್ಷಿಣ ಆಫ್ರಿಕಾದಲ್ಲಿ 1950ರ ಕಾನೂನು ಪ್ರತಿಯೊಬ್ರನ್ನೂ ಒಂದೊಂದು ಜನಾಂಗ ಅಂತ ಬರೆದಿಡ್ತು, ಅನುಮಾನ ಬಂದ್ರೆ ಕೂದ್ಲೊಳಗೆ ಪೆನ್ಸಿಲ್ ಸಿಕ್ಸಿ, ಬಿದ್ರೆ ಬಿಳಿಯರು, ನಿಂತ್ರೆ ಅಲ್ಲ ಅಂತ ತೀರ್ಮಾನ ಮಾಡ್ತಿದ್ರು, ಒಂದೇ ಮನೆಯವ್ರು ಬೇರೆ ಬೇರೆ ಪಟ್ಟಿಗೆ ಹೋಗಿದ್ದೂ ಉಂಟು. ಯಾರಾದ್ರೂ ನನ್ನ ತಲೆಗೆ ಕೈ ಹಾಕಿದಾಗೆಲ್ಲ ನನಗೆ ಆ ಪೆನ್ಸಿಲ್ಲೇ ನೆನಪಾಗತ್ತೆ. ಮುಟ್ಟಿದವ್ರಿಗೆ ಕೆಟ್ಟ ಮನಸ್ಸಿರಲ್ಲ, ಅದೂ ನನಗೆ ಗೊತ್ತು.

ಇನ್ನು ಫಾರ್ಮ್‌ಗಳು. ಅಮೆರಿಕದ ಜನಗಣತಿಲೇ ಒಂದಕ್ಕಿಂತ ಜಾಸ್ತಿ ಜನಾಂಗಕ್ಕೆ ಟಿಕ್ ಹಾಕೋಕೆ ಬಿಟ್ಟಿದ್ದು 2000ದಲ್ಲಿ, ಅಲ್ಲೀವರೆಗೂ ಅಪ್ಪನ್ನೋ ಅಮ್ಮನ್ನೋ ಒಬ್ರನ್ನ ಬಿಡ್ಬೇಕಿತ್ತು. 2020ರ ಗಣತಿಲಿ ಹಂಗೆ ಒಂದಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬಂದವ್ರು 3.38 ಕೋಟಿ ಜನ! ನಾವೇನು ಅಲ್ಲೊಬ್ರು ಇಲ್ಲೊಬ್ರು ಸಿಗೋ ವಿಚಿತ್ರ ಪ್ರಾಣಿಗಳಲ್ಲ.

ಇಷ್ಟು ದಿನ ಸುಮ್ನಿದ್ದೆ, ಈಗ ಬರೀತಿರೋದು ಮಗಳಿಗೋಸ್ಕರ. ಮೊನ್ನೆ ಸ್ಕೂಲಿಂದ ಬಂದು ಬ್ಯಾಗೂ ಇಳಿಸ್ದೆ ಬಾಗ್ಲಲ್ಲೇ ನಿಂತ್ಕೊಂಡು, "ನಾನು ಎಷ್ಟು ಪರ್ಸೆಂಟು?" ಅಂದ್ಲು. ಯಾರೋ ದೊಡ್ಡವ್ರು ಕೇಳಿದ್ರಂತೆ, ಇವ್ಳಿಗೆ ಹೇಳೋಕೆ ಬರ್ಲಿಲ್ವಂತೆ, ಅದಕ್ಕೆ ಬೇಜಾರಾಗಿದ್ಲು. ಅವ್ಳಿಗೆ ಏಳು ವರ್ಷ, ಪರ್ಸೆಂಟ್ ಲೆಕ್ಕ ಇನ್ನೂ ಹೇಳ್ಕೊಟ್ಟೇ ಇಲ್ಲ. ನನ್ನನ್ನ ಬೇಕಾದ್ರೆ ಕೇಳಿ, ದಯವಿಟ್ಟು ಮಗುನ ಕೇಳ್ಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ