ಡೈನಮೊ ಹೆಸರಿನ ಮುಂದೆ ಬ್ಯಾಂಕ್ ಯಾಕೆ? ರಷ್ಯಾದ ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಮಾಸ್ಕೋದ ಡೈನಮೊ ಸ್ಟೇಡಿಯಂನ ಬೋರ್ಡಿನಲ್ಲಿ ಆ ಹೆಸರಿನ ಮುಂದೆ ಬ್ಯಾಂಕಿನ ಹೆಸರು ಬಂದು ಕೂತಿದೆ, ಅದರ ಬಗ್ಗೆ ಈ ಪತ್ರ. ನಮ್ಮ ಕಡೆ ಡೈನಮೊ ಅಂದರೆ ಸೈಕಲ್ಲಿನದು. ಹಿಂದಿನ ಚಕ್ರಕ್ಕೆ ತಾಗಿಕೊಂಡು ಗುಂಯ್ ಅಂತ ತಿರುಗುವ ಪುಟ್ಟ ಬುರುಡೆ. ಅದನ್ನು ಟೈರಿಗೆ ಒತ್ತಿಸಿದ ತಕ್ಷಣ ಪೆಡಲ್ ಭಾರವಾಗುತ್ತಿತ್ತು. ಏರು ಬಂದು ಸೈಕಲ್ ನಿಧಾನವಾದರೆ ದೀಪವೂ ಮಂಕಾಗುತ್ತಿತ್ತು. ತಿರುಗುವಾಗಲೇ ಅದಕ್ಕೆ ಬೆರಳಿಟ್ಟು ಅಪ್ಪನಿಂದ ಬೈಸಿಕೊಂಡವನು ನಾನು. ಸೋವಿಯತ್ ಕಾಲದ ಹೆಸರಾಂತ ಗೋಲ್‌ಕೀಪರ್ ಲೆವ್ ಯಾಷಿನ್ ಆಡಿದ್ದು ಮಾಸ್ಕೋದ 'ಡೈನಮೊ'ದಲ್ಲಿ ಅಂತ ಮೊದಲ ಸಲ ಓದಿದಾಗ, ಇದೇನು ಸೈಕಲ್ ಸಾಮಾನು ಮಾಡುವ ಕಂಪನಿಯ ಟೀಮಾ ಅಂದುಕೊಂಡಿದ್ದೆ.

ಹಾಗೆ ಅಂದುಕೊಂಡದ್ದರಲ್ಲಿ ನನ್ನ ತಪ್ಪೇನೂ ಇರಲಿಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ಫುಟ್‌ಬಾಲ್ ನೋಡಿದವರಿಗೆ ಟೀಮ್ ಅಂದರೆ ಕಾರ್ಖಾನೆಯದೇ. ನಿಮ್ಮಲ್ಲೂ ಹಾಗೇ ಅಲ್ವಾ? ಸೇನೆಯದು ಸಿಎಸ್‌ಕೆಎ, ರೈಲ್ವೆಯವರದು ಲೋಕೊಮೊಟಿವ್, ಸಹಕಾರ ಸಂಘಗಳ ಕಸುಬುದಾರರದು ಸ್ಪಾರ್ಟಕ್. ಡೈನಮೊ ಮಾತ್ರ ಗುಪ್ತ ಪೊಲೀಸರದು. 1923ರ ಏಪ್ರಿಲ್‌ನಲ್ಲಿ, ಆ ಪೊಲೀಸರ ಮುಖ್ಯಸ್ಥ ಜೆರ್ಜಿನ್‌ಸ್ಕಿಯ ಆಸರೆಯಲ್ಲಿ ಹುಟ್ಟಿದ್ದು. ಹೆಸರಿನ ಮೂಲ ಗ್ರೀಕ್, ಅರ್ಥ ಶಕ್ತಿ. ಪೊಲೀಸರು ಬೇರೆ ಇನ್ನೇನು ಹೆಸರಿಡುತ್ತಾರೆ ಬಿಡಿ.

ಆದರೆ ಆ ಹೆಸರಿನಡಿ ಇದ್ದ ಏರ್ಪಾಡು ನೋಡಿ. ಒಂದೇ ಸಂಘ, ಅದರೊಳಗೆ ಹತ್ತಾರು ಆಟ. ಯಾಷಿನ್ ಬರೀ ಫುಟ್‌ಬಾಲ್ ಗೋಲ್‌ಕೀಪರ್ ಅಲ್ಲ, ಐಸ್ ಹಾಕಿಗೂ ಗೋಲ್‌ಕೀಪರ್. 1953ರಲ್ಲಿ ಡೈನಮೊ ಹಾಕಿ ತಂಡ ಸೋವಿಯತ್ ಕಪ್ ಗೆದ್ದಾಗ ಆತನೂ ತಂಡದಲ್ಲಿದ್ದ. ಹತ್ತು ವರ್ಷದ ನಂತರ ಫುಟ್‌ಬಾಲ್‌ನಲ್ಲಿ ಬ್ಯಾಲನ್ ಡಿ'ಓರ್, ಅಂದರೆ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ. ಅದು ಇವತ್ತಿಗೂ ಬೇರೆ ಯಾವ ಗೋಲ್‌ಕೀಪರ್‌ಗೂ ಸಿಕ್ಕಿಲ್ಲ. ಚಳಿಗಾಲದಲ್ಲಿ ಸ್ಕೇಟ್ ಕಟ್ಟಿಕೊಂಡವನು ಬೇಸಿಗೆಯಲ್ಲಿ ಬೂಟ್ ಹಾಕಿಕೊಂಡು ಅದೇ 'Д' (ರಷ್ಯನ್ 'ಡ') ಅಕ್ಷರದ ಅಂಗಿ ತೊಡುತ್ತಿದ್ದ.

ಈಗ ಆ ಅಕ್ಷರ ಒಂದೇ ಉಳಿದಿದೆ, ಯಜಮಾನರು ಬೇರೆ ಬೇರೆ. ಫುಟ್‌ಬಾಲ್ ಕ್ಲಬ್ಬನ್ನು ಸಂಘದಿಂದ ವಿಟಿಬಿ ಬ್ಯಾಂಕ್ 2019ರಲ್ಲಿ ಒಂದು ರೂಬಲ್‌ಗೆ ತೆಗೆದುಕೊಂಡಿತು. ಒಂದು ರೂಬಲ್! ಮಾಸ್ಕೋದಲ್ಲಿ ಅದಕ್ಕೆ ಒಂದು ಟೀಯೂ ಬರುವುದಿಲ್ಲ. ಅದರ ಜೊತೆ ಬಂದ ಸಾಲ, ಖರ್ಚು ಬ್ಯಾಂಕಿನದು ಅಂತೀರಿ, ಸರಿ. ಆದರೆ ಅದೇ ವರ್ಷ ತೆರೆದ ಸ್ಟೇಡಿಯಂನ ಬೋರ್ಡಿನಲ್ಲಿ ಮೊದಲು ವಿಟಿಬಿ ಅರೇನಾ, ಆಮೇಲೆ ಡೈನಮೊ, ಕೊನೆಗೆ ಯಾಷಿನ್. ಮಾತಾಡುವಾಗ ಯಾರೂ ಅಷ್ಟುದ್ದ ಹೇಳುವುದಿಲ್ಲ. ಕೊನೆಯಲ್ಲಿರುವುದು ಮೊದಲು ಬಿದ್ದುಹೋಗುತ್ತದೆ.

ಮಾಸ್ಕೋ ಮೆಟ್ರೋ ಈ ವಿಷಯದಲ್ಲಿ ನಿಮಗಿಂತ ಗಟ್ಟಿ. 1938ರಲ್ಲಿ ಶುರುವಾದ ನಿಲ್ದಾಣಕ್ಕೆ ಇವತ್ತೂ ಬರೀ 'ಡೈನಮೊ' ಅಂತಲೇ ಹೆಸರು. ಒಳಗೆ ಗೋಡೆಯಲ್ಲಿ ಆಟಗಾರರ ಉಬ್ಬುಚಿತ್ರಗಳಿವೆ. ಮೇಲೆ ಹತ್ತಿ ಬಂದರೆ ಮಾತ್ರ ಬ್ಯಾಂಕು ಎದುರಾಗುತ್ತದೆ.

ಹೆಸರಿಗೆ ಜನ ಎಷ್ಟು ಅಂಟಿಕೊಂಡಿರುತ್ತಾರೆ ಅಂತ ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನವರನ್ನು ಕೇಳಿ. 1990ರ ದಶಕದಲ್ಲಿ ಅಧ್ಯಕ್ಷ ತುಜ್‌ಮನ್ ಅಲ್ಲಿನ ಡೈನಮೊವನ್ನು 'ಕ್ರೊಯೇಷಿಯಾ' ಮಾಡಿಟ್ಟರು. ದೇಶದ ಹೆಸರೇ ಇಟ್ಟರೂ ಅಭಿಮಾನಿಗಳು ಒಪ್ಪಲಿಲ್ಲ. 2000ದಲ್ಲಿ ಹಳೆ ಹೆಸರು ವಾಪಸ್ ಬಂತು.

ಹಾಗಂತ ಹಳೆಯದೆಲ್ಲ ಚಿನ್ನ ಅಂತಲ್ಲ. 1939ರ ಸೋವಿಯತ್ ಫುಟ್‌ಬಾಲ್ ಕಪ್ ಸ್ಪಾರ್ಟಕ್ ಗೆದ್ದ ಮೇಲೆ, ಇದೇ ಡೈನಮೊ ಸಂಘದ ಟಿಬಿಲಿಸಿ ತಂಡದ ಜೊತೆ ಆಗಲೇ ಗೆದ್ದಿದ್ದ ಸೆಮಿಫೈನಲ್ ಮತ್ತೆ ಆಡಿಸಿದರು. ಫೈನಲ್ ಮುಗಿದ ಮೇಲೆ ಸೆಮಿಫೈನಲ್! ಸ್ಪಾರ್ಟಕ್ ಅದನ್ನೂ 3-2ರಲ್ಲಿ ಗೆದ್ದಿತು. ಸ್ಪಾರ್ಟಕ್ ಕಟ್ಟಿದ ಸ್ಟಾರೊಸ್ಟಿನ್ ಅಣ್ಣತಮ್ಮಂದಿರು 1942ರಲ್ಲಿ ಜೈಲಿಗೆ ಹೋದರು. ಡೈನಮೊ ಹೆಸರಿನ ಹಿಂದೆ ಇದ್ದ ಶಕ್ತಿ ಇದೂ ಹೌದು.

ಬ್ಯಾಂಕಿನ ಹೆಚ್ಚಿನ ಪಾಲು ಸರ್ಕಾರದ್ದೇ, ಆದ್ದರಿಂದ ನಿಮ್ಮ ಮಾತು ನಡೆಯುತ್ತದೆ. ನನ್ನದು ಎರಡೇ ಕೋರಿಕೆ. ಬೋರ್ಡ್ ತಿರುಗಿಸಿ: ಮೊದಲು ಯಾಷಿನ್, ಆಮೇಲೆ ಡೈನಮೊ, ಬ್ಯಾಂಕ್ ಬೇಕಿದ್ದರೆ ಕೆಳಗೆ ಸಣ್ಣ ಅಕ್ಷರದಲ್ಲಿ. ಇನ್ನೊಂದು, 1928ರ ಸ್ಟೇಡಿಯಂ ಕೆಡವುವಾಗ ಪಶ್ಚಿಮದ ಗೋಡೆ ಉಳಿಸಿಕೊಂಡಿದ್ದೀರಲ್ಲ, ಅಲ್ಲೊಂದು ಫಲಕ ಹಾಕಿಸಿ. ಈ ಸಂಘ ಯಾರು ಕಟ್ಟಿದ್ದು, ಯಾವ್ಯಾವ ಆಟ ಇದರೊಳಗಿತ್ತು, ಇವತ್ತು ಯಾವುದು ಯಾರ ಕೈಲಿದೆ ಅಂತ ಬರೆಯಿಸಿ. 1939ರ ಆ ಪಂದ್ಯದ ಬಗ್ಗೆಯೂ ಒಂದು ಸಾಲು ಇರಲಿ.

ಇಂತಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಹುಚ್ಚ