ವೇಷ ಹಾಕಿದ ಅಕ್ಷರಗಳು

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ನೀನು ಮೇಷ್ಟ್ರಾದೆ ಅನ್ನೋದನ್ನೇ ಇನ್ನೂ ನಂಬಲಾಗಿಲ್ಲ, ಅಷ್ಟರಲ್ಲಿ ನಿನ್ನ ಇತಿಹಾಸದ ಕ್ಲಾಸಿಗೆ ಕಣ್ಣು ಕಾಣದ ಹುಡುಗಿಯೊಬ್ಬಳು ಸೇರಿದ್ದಾಳೆ. "ಪರೀಕ್ಷೆಗೆ ಒಬ್ಬ ಸ್ಕ್ರೈಬ್, ಅಂದರೆ ಅವಳು ಹೇಳಿದ ಉತ್ತರ ಬರೆದುಕೊಡುವವರನ್ನು, ಹುಡುಕಿಕೊಟ್ಟರೆ ಆಯ್ತಲ್ವಾ?" ಅಂತ ಕೇಳಿದ್ದೀಯ. ಆಗೋದಿಲ್ಲ ಕಣೋ. ಪರೀಕ್ಷೆ ಮೂರು ಗಂಟೆಯದು. ಅದಕ್ಕೆ ಮುಂಚೆ ಇಡೀ ಸೆಮಿಸ್ಟರ್ ಅವಳು ಏನನ್ನು ಓದಬೇಕು?

ನಮ್ಮ ಹಾಸ್ಟೆಲ್ಲಿನ ಆ ರಾತ್ರಿ ನೆನಪಿದೆಯಾ? ಮೇಷ್ಟ್ರೊಬ್ಬರು ಪಾಪ, ಪ್ರೀತಿಯಿಂದಲೇ ತಮ್ಮ ನೋಟ್ಸನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಟ್ಟಿದ್ದರು. ತೆರೆದರೆ ನನ್ನ ಎನ್‌ವಿಡಿಎ, ಕಣ್ಣು ಕಾಣದ ನನ್ನಂಥವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್, ಏನೇನೋ ಒದರತೊಡಗಿತು. ಒಂದೊಂದೇ ಅಕ್ಷರ ಬಿಡಿಸಿ ಕೇಳಿದರೆ 'ಪಿ', 'ಎ', 'ಪೌಂಡ್'. ನೀನು ಇಣುಕಿ ನೋಡಿ "ಸರಿಯಾಗೇ ಇದೆಯಲ್ಲೋ, ಕನ್ನಡವೇ!" ಅಂದೆ. ನಾನು ಸುಮ್ನೆ ನಿನ್ನ ಮೇಲೆ ರೇಗಿದೆ.

ಇಬ್ಬರದೂ ತಪ್ಪಿರಲಿಲ್ಲ. ಅದು ಹಳೆಯ ನುಡಿ ಫಾಂಟಿನ ಫೈಲು. ಕಣ್ಣಿಗೆ ಕನ್ನಡ, ಒಳಗೆ ಇರುವುದು ಇಂಗ್ಲಿಷಿನ ಅಕ್ಷರ, ಚಿಹ್ನೆಗಳು. ಯಕ್ಷಗಾನದ ವೇಷದ ಹಾಗೆ, ನೋಡುವವರಿಗೆ ಮಾತ್ರ ರಾಜ. ಸ್ಕ್ರೀನ್ ರೀಡರಿಗೆ ಬಣ್ಣ ಕಾಣುವುದಿಲ್ಲ, ಒಳಗಿರುವ ಮನುಷ್ಯನೇ ಕಾಣುತ್ತಾನೆ. ಅದೇ ಪಾಠ ಯೂನಿಕೋಡಿನಲ್ಲಿದ್ದರೆ, ಅಂದರೆ ಒಳಗೂ ಕನ್ನಡ ಅಕ್ಷರವೇ ಇದ್ದರೆ, ಎನ್‌ವಿಡಿಎ ಗಡಸು ದನಿಯಲ್ಲಾದರೂ ಓದಿ ಹೇಳುತ್ತದೆ. ಈ ತಂತ್ರಾಂಶ ಪುಕ್ಕಟೆ. ಕಣ್ಣು ಕಾಣದ ಇಬ್ಬರು ಆಸ್ಟ್ರೇಲಿಯಾದವರು ಶುರು ಮಾಡಿದ್ದು. ಅವತ್ತು ಮಾತ್ರ ನೀನೇ ಬೆಳಗಿನ ಜಾವದವರೆಗೆ ಓದಿದೆ, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನಡುವೆ ನಿನ್ನ ಆಕಳಿಕೆಯೂ ಇದೆ. ಈಗಲೂ ಇಟ್ಟುಕೊಂಡಿದ್ದೇನೆ.

ಅವಳಿಗೂ ಒಬ್ಬ ರೂಮ್‌ಮೇಟ್ ಸಿಗಲಿ ಅಂತ ಕಾಯುತ್ತಾ ಕೂರಬೇಡ. ನೋಟ್ಸನ್ನು ಯೂನಿಕೋಡಿನಲ್ಲೇ ಟೈಪ್ ಮಾಡು. ಹಳೆಯ ಫೈಲುಗಳನ್ನು ಬದಲಾಯಿಸುವ ಕನ್ವರ್ಟರ್‌ಗಳಿವೆ, ಒತ್ತಕ್ಷರ ಅಲ್ಲಲ್ಲಿ ಕೆಡಬಹುದು, ಒಮ್ಮೆ ಕಣ್ಣಾಡಿಸು. ಪುಸ್ತಕದ ಪುಟದ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ ಕೈ ತೊಳೆದುಕೊಳ್ಳಬೇಡ, ಅದು ನಮಗೆ ಬರೀ ಚಿತ್ರ. ಇನ್ನು ಕ್ಲಾಸಿನಲ್ಲಿ ನಕ್ಷೆ ತೋರಿಸುವಾಗ "ಕಾರ್ನ್‌ವಾಲಿಸನ ಸೈನ್ಯ ಇಲ್ಲಿಂದ ಇಲ್ಲಿಗೆ ಬಂತು" ಅನ್ನಬೇಡ ಮಾರಾಯ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಬಂತು ಅನ್ನು. ನಾನು ಮೂರು ವರ್ಷ 'ಇಲ್ಲಿಂದ ಇಲ್ಲಿಗೆ' ಕೇಳಿಯೇ ಪಾಸಾದವನು.

ಪರೀಕ್ಷೆಯ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರದ ಈಗಿನ ಮಾರ್ಗಸೂಚಿ ಪ್ರಿಂಟ್ ಹಾಕಿಸಿ ಇಟ್ಟುಕೊ. ನಮಗೆ ಗೊತ್ತಿದ್ದ 2018ರದನ್ನು 2025ರಲ್ಲಿ ಪರಿಷ್ಕರಿಸಿದ್ದಾರೆ. ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ, ಅಂದರೆ ಮೂರು ಗಂಟೆಗೆ ನಾಲ್ಕು. 2018ರ ಮಾರ್ಗಸೂಚಿಯಲ್ಲಿ ಸ್ಕ್ರೈಬನ್ನು ವಿದ್ಯಾರ್ಥಿಯೇ ಕರೆತರಬಹುದಿತ್ತು, ಇಲ್ಲವೇ ಪರೀಕ್ಷೆ ನಡೆಸುವವರನ್ನೇ ಕೇಳಬಹುದಿತ್ತು. ತಾನೇ ಕರೆತಂದರೆ ಆ ಸ್ಕ್ರೈಬ್ ಓದಿನಲ್ಲಿ ವಿದ್ಯಾರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕಿತ್ತು. ಅದಕ್ಕೇ ಅಲ್ವಾ ನೀನು ನನಗೆ ಬರೆಯಲಾಗದೆ ಆ ಪಿಯುಸಿ ಹುಡುಗನನ್ನು ಹುಡುಕಿದ್ದು? ಒಳ್ಳೆಯ ಹುಡುಗ, ಆದರೆ 'ಸಹಾಯಕ ಸೈನ್ಯ ಪದ್ಧತಿ' ಅನ್ನೋದನ್ನು ನಾಲ್ಕು ಸಲ ಹೇಳಿಸಿಕೊಂಡ. ಉತ್ತರ ತಲೆಯಲ್ಲಿ ಓಡುತ್ತಿತ್ತು, ಅವನ ಪೆನ್ನು ತೆವಳುತ್ತಿತ್ತು. ಪರೀಕ್ಷೆಗೆ ಎರಡು ದಿನ ಮೊದಲೇ ಸ್ಕ್ರೈಬನ್ನು ಭೇಟಿಯಾಗಲು ಅವಕಾಶ ಇರಬೇಕು ಅಂತ ಅದೇ ಮಾರ್ಗಸೂಚಿ ಹೇಳುತ್ತಿತ್ತು. ನಮಗೆ ಗೊತ್ತಿರಲಿಲ್ಲ. ನಾನು ಅವನ ಹೆಸರು ಕೇಳಿದ್ದೇ ಪ್ರಶ್ನೆಪತ್ರಿಕೆ ಕೈಗೆ ಬಂದಮೇಲೆ.

ಕಂಪ್ಯೂಟರಿನಲ್ಲಿ ತಾನೇ ಟೈಪ್ ಮಾಡಿ ಉತ್ತರಿಸುವ ದಾರಿಯೂ ಇದೆ. ಅವಳಿಗೆ ಟೈಪಿಂಗ್ ಬಂದರೆ ನನಗಂತೂ ಅದೇ ವಾಸಿ ಅನ್ನಿಸುತ್ತದೆ. ತನ್ನ ವಾಕ್ಯ ತನ್ನದಾಗಿಯೇ ಇರುತ್ತದೆ.

ಕೊನೆಯ ಬೆಂಚಿನ, ಕೈ ನಡುಗಿ ಬರೆಯಲಾಗದ ಹುಡುಗನ ವಿಷಯವನ್ನೂ ಹೇಳಿದೆಯಲ್ಲ. ಅವನಿಗೆ ಶೇ. 40 ಅಂಗವೈಕಲ್ಯದ ಸರ್ಟಿಫಿಕೇಟ್ ಇಲ್ಲ ಅಂತ ಆಫೀಸಿನವರು ಕೈಚೆಲ್ಲಿದರೆ ವಿಕಾಸ್ ಕುಮಾರ್ ತೀರ್ಪು ನೆನಪಿಸು. ಯುಪಿಎಸ್‌ಸಿ ವಿರುದ್ಧದ ಆ ಕೇಸಿನಲ್ಲಿ, 2021ರ ಫೆಬ್ರವರಿಯಲ್ಲಿ, ಸ್ಕ್ರೈಬ್ ಪಡೆಯಲು ಶೇ. 40 ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಮರುವರ್ಷ ಅಂಥವರಿಗಾಗಿಯೇ ಬೇರೆ ಮಾರ್ಗಸೂಚಿಯೂ ಬಂತು. ಬರೆಯಲು ಕಷ್ಟ ಇದೆ ಅಂತ ವೈದ್ಯರ ಸರ್ಟಿಫಿಕೇಟ್ ಬೇಕು. ಅದನ್ನು ಈಗಲೇ ಮಾಡಿಸಿಕೊಳ್ಳಲಿ.

ಇನ್ನೊಂದು ಮಾತು. ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ 'ರಿಯಾಯಿತಿ' ಅನ್ನುತ್ತಾರೆ ಅಂದೆಯಲ್ಲ. ನನಗೆ ಆಷಾಢದ ಸೀರೆ ಅಂಗಡಿ ನೆನಪಾಯಿತು. ಇದರಿಂದ ಪಾಸಾಗಲು ಬೇಕಾದ ಅಂಕ ಒಂದೂ ಕಡಿಮೆಯಾಗುತ್ತಿಲ್ಲವಲ್ಲ, ರಿಯಾಯಿತಿ ಎಲ್ಲಿ ಬಂತು?

ನಾನು ಹೇಳಿದ್ದನ್ನೆಲ್ಲ ಮಾಡುವ ಮೊದಲು ಆ ಹುಡುಗಿಯನ್ನೇ ಕೇಳು. ಅವಳಿಗೆ ಬ್ರೈಲ್ ಇಷ್ಟವಿರಬಹುದು, ಸ್ವಲ್ಪ ಕಂಡರೆ ದೊಡ್ಡ ಅಕ್ಷರ ಸಾಕಾಗಬಹುದು. ಮತ್ತೆ ನಿನ್ನ ಮೊದಲ ಪಾಠದ ಫೈಲನ್ನು ನನಗೆ ಕಳಿಸು. ಎನ್‌ವಿಡಿಎ 'ಪೌಂಡ್' ಅಂದರೆ ಅದೇ ರಾತ್ರಿ ಫೋನ್ ಮಾಡಿ ಎಬ್ಬಿಸುತ್ತೇನೆ.

ನಿನ್ನ
ಹಳೇ ರೂಮ್‌ಮೇಟ್