ಏನೂ ಆಗಿಲ್ಲ ಅನ್ನುವ ಮಗಳಿಗೆ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಎರಡು ವಿಷಯ ಹೇಳಿದೆ. ಅಟ್ಲಾಂಟಾದ ಹಳೇ ರೆಕಾರ್ಡ್ ಅಂಗಡಿಯೊಂದರಲ್ಲಿ ಆಲ್ಮನ್ ಬ್ರದರ್ಸ್ ಎಂಬ ರಾಕ್ ಬ್ಯಾಂಡಿನ ನ್ಯೂಯಾರ್ಕ್ ಕಛೇರಿಯ ಎರಡು ಪ್ಲೇಟಿನ ‘ಅಟ್ ಫಿಲ್ಮೋರ್ ಈಸ್ಟ್’ ಎಲ್‌ಪಿ ಸಿಕ್ಕಿದೆ, ಮೊದಲ ಮುದ್ರಣ ಅಂತಿದ್ದಾರೆ, ತೊಗೊಳ್ಲಾ ಅಂತ ಕೇಳಿದೆ. ಅದರ ಬೆನ್ನಿಗೇ, ಗುರುವಾರ ಬೈಕ್ ಜಾರಿ ಬಿದ್ದೆ, ಹೆಲ್ಮೆಟ್ ಸ್ವಲ್ಪ ಉಜ್ಜಿದೆ, ಏನೂ ಆಗಿಲ್ಲ ಅಮ್ಮ ಅಂದೆ. ಆಮೇಲೆ ನಡೆದ ಮಾತು ಇಬ್ಬರಿಗೂ ನೆನಪಿದೆ, ಅದನ್ನು ಇಲ್ಲಿ ಮತ್ತೆ ಬರೆಯಲ್ಲ. ನಾನು ದನಿ ಏರಿಸಿದ್ದಕ್ಕೆ ಬೇಸರವಿದೆ. ಹೇಳಿದ ಮಾತಿಗೆ ಬೇಸರವಿಲ್ಲ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ಲೇಬಲ್ ಗುಲಾಬಿ ಬಣ್ಣದ್ದು, ಕ್ಯಾಪ್ರಿಕಾರ್ನ್ ಅಂತ ಇದೆ, ನಂಬರ್ ಎಸ್‌ಡಿ 2-802 ಅಂತ ನೀನೇ ನೋಡಿ ಹೇಳಿದೆ. ನನಗೆ ಎಷ್ಟು ಹೆಮ್ಮೆ ಆಯಿತು ಗೊತ್ತಾ? ಎಷ್ಟೋ ಜನ ಕವರ್ ನೋಡಿಯೇ ದುಡ್ಡು ಕೊಟ್ಟು ಬರುತ್ತಾರೆ. 1971ರ ಜುಲೈನಲ್ಲಿ ಬಂದದ್ದಕ್ಕೆ ಇದೇ ನಂಬರ್. ಆಗ ಕ್ಯಾಪ್ರಿಕಾರ್ನ್ ಕಂಪನಿಯ ರೆಕಾರ್ಡುಗಳನ್ನು ಹಂಚುತ್ತಿದ್ದದ್ದು ಅಟ್ಲಾಂಟಿಕ್ ಬಳಗದ ಅಟ್ಕೋ. ಮುಂದೆ ಹಂಚಿಕೆ ವಾರ್ನರ್ ಬ್ರದರ್ಸ್ ಕೈಗೆ ಹೋಯಿತು, ಲೇಬಲ್ಲೂ ಬದಲಾಯಿತು. ಆದರೆ ಗುಲಾಬಿ ಲೇಬಲ್ ಕಂಡ ಕೂಡಲೇ ಖುಷಿಯಲ್ಲಿ ಪರ್ಸ್ ತೆಗೆಯಬೇಡ. ಲೇಬಲ್ ಸುತ್ತ ಹಾಡಿಲ್ಲದ ನುಣುಪು ಜಾಗ ಇರುತ್ತದಲ್ಲ, ಅಲ್ಲಿ ಅಕ್ಷರ, ಅಂಕಿ ಕೆತ್ತಿರುತ್ತಾರೆ. ನಾಲ್ಕೂ ಸೈಡಿನದ್ದು ಫೋಟೋ ತೆಗೆ. ಪ್ಲೇಟ್ ಯಾವಾಗಿನದ್ದು ಅಂತ ಲೇಬಲ್‌ಗಿಂತ ಅದೇ ಚೆನ್ನಾಗಿ ಹೇಳುತ್ತದೆ.

ಆಮೇಲೆ ಬೆಳಕು. ಅಂಗಡಿಯ ಮಂದ ದೀಪದ ಕೆಳಗೆ ಎಲ್ಲ ರೆಕಾರ್ಡೂ ಹೊಸದಾಗಿಯೇ ಕಾಣುತ್ತವೆ. ಟಾರ್ಚ್ ಓರೆಯಾಗಿ ಹಿಡಿದು ನೋಡು. ಕೂದಲೆಳೆಯಂಥ ಗೀರುಗಳಿಗೆ ಹೆದರಬೇಕಿಲ್ಲ. ಬೆರಳಿಗೆ ತಗಲುವ ಗೀರಿದ್ದರೆ ಬಿಟ್ಟುಬಿಡು, ಅದು ನೀಡಲ್‌ಗೂ ತಗಲುತ್ತದೆ. ನಡುವಿನ ತೂತಿನ ಸುತ್ತ ಬಿಳಿ ಗೆರೆಗಳು ಜಾಸ್ತಿ ಇದ್ದರೆ ಅದು ತುಂಬಾ ಸಲ ತಿರುಗಿದ ಪ್ಲೇಟು. ಅಂಗಡಿಯವರು ವಿಜಿ, ಅಂದರೆ ವೆರಿ ಗುಡ್, ಅಂತ ಚೀಟಿ ಹಚ್ಚಿದ್ದರೆ ‘ತುಂಬಾ ಚೆನ್ನಾಗಿದೆ’ ಅಂತ ಓದಿಕೊಳ್ಳಬೇಡ. ಆ ಲೆಕ್ಕದಲ್ಲಿ ವಿಜಿ ಅಂದರೆ ಸಾಕಷ್ಟು ಸವೆದದ್ದು, ಚಟಪಟ ಕೇಳಿಸುವಂಥದ್ದು. ವಿಜಿ ಪ್ಲಸ್ ಆದರೆ ನೋಡಬಹುದು.

ಮುಖ್ಯವಾಗಿ ನಾಲ್ಕನೇ ಸೈಡ್ ಕೇಳಿಸಿ ಅನ್ನು. ಇಡೀ ಸೈಡಿಗೆ ಒಂದೇ ಹಾಡು, ‘ವಿಪ್ಪಿಂಗ್ ಪೋಸ್ಟ್’, 22 ನಿಮಿಷಕ್ಕಿಂತ ಜಾಸ್ತಿ. ಅಷ್ಟು ಉದ್ದದ ಸೈಡ್ ಲೇಬಲ್ ಹತ್ತಿರ ಬರುತ್ತಾ ಬರುತ್ತಾ ಸದ್ದು ಸ್ವಲ್ಪ ಒಡೆಯುತ್ತದೆ. ಹಿಂದಿನ ಯಜಮಾನ ಕೆಟ್ಟ ನೀಡಲ್ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೊನೆಯ ಚಪ್ಪಾಳೆಯ ನಡುವೆ ದೊಡ್ಡ ಡ್ರಮ್ ಗುಡುಗಿ ಇನ್ನೊಂದು ಹಾಡು ಶುರುವಾಗುವ ಹಾಗಾಗಿ ಸದ್ದು ಇಳಿದುಬಿಡುತ್ತದೆ. ಅದು ರೆಕಾರ್ಡ್ ಕೆಟ್ಟದ್ದಲ್ಲ, ಇರುವುದೇ ಹಾಗೆ. ಮುಂದಿನ ಹಾಡು ‘ಮೌಂಟನ್ ಜ್ಯಾಮ್’, ಅದು ಮರುವರ್ಷದ ಆಲ್ಬಮ್ಮಿನಲ್ಲಿ ಎರಡು ಸೈಡ್ ತುಂಬಾ ಬಂತು.

ನೋಡು, ಪ್ಲೇಟಿನ ಒಂದು ಗೀರಿಗೆ ನಾವಿಬ್ಬರೂ ಟಾರ್ಚ್ ಹಿಡಿಯುತ್ತೇವೆ. ಗುರುವಾರ ಬಿದ್ದ ಮೇಲೆ ನಿನ್ನ ತಲೆಯನ್ನು ಯಾರಿಗೆ ತೋರಿಸಿದೆ?

ಇದನ್ನು ಬರೆಯಬಾರದು, ಬರೀ ರೆಕಾರ್ಡಿನ ವಿಷಯ ಬರೆಯಬೇಕು ಅಂತಲೇ ಕೂತಿದ್ದೆ. ಆಗುತ್ತಿಲ್ಲ. ‘ವಿಪ್ಪಿಂಗ್ ಪೋಸ್ಟ್’ ಹೇಗೆ ಶುರುವಾಗುತ್ತದೆ ನೆನಪಿದೆಯಲ್ವಾ? ಬೆರ್ರಿ ಶುರು ಮಾಡುತ್ತಾನೆ ಅಂತ ಬ್ಯಾಂಡಿನ ಗಿಟಾರ್ ವಾದಕ ಡ್ವೇನ್ ಆಲ್ಮನ್ ಮೈಕಿನಲ್ಲಿ ಹೇಳುತ್ತಾನೆ. ಬೇರೆಲ್ಲರೂ ಸುಮ್ಮನಿರುತ್ತಾರೆ. ಬೆರ್ರಿ ಓಕ್ಲಿಯ ಬೇಸ್ ಗಿಟಾರ್ ಒಂದೇ ನುಡಿಯುತ್ತದೆ, ಮೂರು ಮೂರು ಮೂರು ಎರಡು, ಹನ್ನೊಂದು ಎಣಿಕೆಯ ತಾಳ. ನೀನು ಚಿಕ್ಕವಳಿದ್ದಾಗ ತೊಡೆ ತಟ್ಟಿಕೊಂಡು ಎಣಿಸುತ್ತಿದ್ದೆ. ಆ ಬೇಸ್ ನುಡಿಸಿದ ಹುಡುಗನ ಕಥೆಯನ್ನು ನಿನಗೆ ಪೂರ್ತಿ ಹೇಳಿರಲಿಲ್ಲ.

ಡ್ವೇನ್ ಸತ್ತದ್ದು ನಿನಗೆ ಗೊತ್ತು. 1971ರ ಅಕ್ಟೋಬರ್ 29, ಮೇಕನ್ ಊರು, ಹಾರ್ಲೆ ಡೇವಿಡ್ಸನ್ ಬೈಕು, ಎದುರಿಗೊಂದು ಲಾರಿ. ರೆಕಾರ್ಡ್ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಅದು ಎಲ್ಲರೂ ಹೇಳುವ ಕಥೆ. ಬೆರ್ರಿಯದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಗೆಳೆಯ ಹೋದ ಮೇಲೆ ಆ ಹುಡುಗ ಕುಗ್ಗಿಹೋದ. 1972ರ ನವೆಂಬರ್ 11ರಂದು, ಅದೇ ಮೇಕನ್‌ನಲ್ಲಿ, ಡ್ವೇನ್ ಬಿದ್ದ ಜಾಗದಿಂದ ಕೆಲವೇ ಬೀದಿ ಆಚೆ, ಅವನ ಬೈಕು ಸಿಟಿ ಬಸ್ಸಿಗೆ ಗುದ್ದಿತು. ಬಿದ್ದವನು ಎದ್ದ. ನನಗೇನೂ ಆಗಿಲ್ಲ ಅಂದ. ಆಸ್ಪತ್ರೆ ಬೇಡ ಅಂತ ಯಾರದೋ ಗಾಡಿ ಹತ್ತಿ ಮನೆಗೆ ಹೋದ. ಕೆಲವು ಗಂಟೆ ಕಳೆಯುವಷ್ಟರಲ್ಲಿ ನೋವು ತಾಳಲಾರದೆ ಏನೇನೋ ಮಾತಾಡತೊಡಗಿದ. ಆಗ ಆಸ್ಪತ್ರೆಗೆ ಕರೆದುಕೊಂಡು ಹೋದರು. ತಲೆಬುರುಡೆ ಒಡೆದು ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಅದೇ ದಿನ ಹೋಗಿಬಿಟ್ಟ. ಡ್ವೇನ್‌ಗೂ 24, ಬೆರ್ರಿಗೂ 24. ನಿನ್ನ ವಯಸ್ಸನ್ನು ನಾನು ಇಲ್ಲಿ ಬರೆಯಬೇಕಾಗಿಲ್ಲ.

ಎದ್ದು ನಿಂತ, ನಡೆದ, ಮಾತಾಡಿದ. ಮನೆಯ ಬಾಗಿಲು ತೆಗೆದುಕೊಂಡು ಒಳಗೆ ಬಂದ. ನನ್ನನ್ನು ಕಾಡುವುದು ಇದೇ. ಲಾರಿಗೆ ಗುದ್ದಿದವನಿಗೆ ಏನೋ ಆಗಿದೆ ಅಂತ ಸುತ್ತ ಇದ್ದವರಿಗೆ ಕಾಣುತ್ತದೆ, ಹೊತ್ತುಕೊಂಡು ಓಡುತ್ತಾರೆ. ಏನೂ ಆಗಿಲ್ಲ ಅಂತ ಮನೆಗೆ ಬಂದವನನ್ನು ಯಾರು ಹೊತ್ತುಕೊಂಡು ಓಡುತ್ತಾರೆ? ಭಾನುವಾರ ಫೋನ್ ಇಟ್ಟ ಮೇಲೆ ನಾನು ರೆಕಾರ್ಡ್ ಹಾಕಿ ಕೂತೆ. ಅವನ ಬೇಸ್ ಶುರುವಾಯಿತು. ನೀಡಲ್ ಎತ್ತಿಬಿಟ್ಟೆ. ನಿನ್ನಪ್ಪ ಬಂದು ಯಾಕೆ ನಿಲ್ಲಿಸಿದೆ ಅಂದರು. ಸುಮ್ನೆ ಅಂದೆ.

ನೀನು ಹುಡುಕಿ ಓದುವವಳು, ಆದ್ದರಿಂದ ಇದನ್ನೂ ನಾನೇ ಬರೆಯುತ್ತೇನೆ. ಬೆರ್ರಿ ನೇರವಾಗಿ ಆಸ್ಪತ್ರೆಗೆ ಹೋಗಿದ್ದರೂ ಬಹುಶಃ ಉಳಿಯುತ್ತಿರಲಿಲ್ಲ ಅಂತ ಅಲ್ಲಿನ ಡಾಕ್ಟರುಗಳು ಹೇಳಿದ್ದರು. ನೋಡಿದೆಯಾ ಅಮ್ಮ, ಹೋಗಿಯೂ ಪ್ರಯೋಜನವಿರಲಿಲ್ಲ ಅಂತ ನೀನು ವಾದ ಮಾಡುತ್ತೀಯ. ಅದಕ್ಕೆ ನನ್ನ ಉತ್ತರ ಕೇಳು. 1972ರಲ್ಲಿ ಅಮೆರಿಕದ ಯಾವ ಆಸ್ಪತ್ರೆಯಲ್ಲೂ ಸಿ.ಟಿ. ಸ್ಕ್ಯಾನ್ ಇರಲಿಲ್ಲ. ಆ ಯಂತ್ರವನ್ನು ಮಾಡಿದ್ದು ಯಾರು ಗೊತ್ತಾ? ಇಎಂಐ. ನಮ್ಮ ಅಜ್ಜಿ ಮನೆಯ ನಾಯಿ ಚಿತ್ರದ ಎಚ್‌ಎಂವಿ ಪ್ಲೇಟುಗಳಿವೆಯಲ್ಲ, ಅದರ ಹಿಂದಿದ್ದ ಅದೇ ಇಂಗ್ಲೆಂಡಿನ ಕಂಪನಿ. ಅಲ್ಲಿನ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅದನ್ನು ಕಟ್ಟಿದರು. ಲಂಡನ್ನಿನ ಆಸ್ಪತ್ರೆಯಲ್ಲಿ ಮೊದಲ ಸಲ ಒಬ್ಬ ರೋಗಿಯ ತಲೆಯನ್ನು ಅದರಲ್ಲಿ ನೋಡಿದ್ದು 1971ರ ಅಕ್ಟೋಬರ್ 1ರಂದು. ಡ್ವೇನ್ ಸತ್ತ ತಿಂಗಳು ಅದೇ. ಹೌನ್ಸ್‌ಫೀಲ್ಡ್‌ಗೆ 1979ರಲ್ಲಿ ನೊಬೆಲ್ ಬಂತು. ಬೆರ್ರಿಗೆ ಆ ಯಂತ್ರ ಸಿಗಲಿಲ್ಲ. ನಿನಗೆ ನಿನ್ನ ಊರಿನಲ್ಲೇ ಇದೆ. ಸ್ಕ್ಯಾನ್ ಬೇಕೋ ಬೇಡವೋ ಅಂತ ಡಾಕ್ಟರ್ ಹೇಳಲಿ. ಅದನ್ನು ನೀನೂ ಹೇಳಬೇಡ, ನಾನೂ ಹೇಳಲ್ಲ.

ತಲೆನೋವು ಜಾಸ್ತಿಯಾಗುತ್ತಾ ಬಂದರೆ, ವಾಂತಿ ಆದರೆ, ಹೊತ್ತಲ್ಲದ ಹೊತ್ತಲ್ಲಿ ನಿದ್ದೆ ಎಳೆದರೆ, ಮಾತು ತೊದಲಿದರೆ, ಯಾರಿಗೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗು. ಕೆಲವರಿಗೆ ಒಳಗಿನ ರಕ್ತಸ್ರಾವ ದಿನಗಳು, ವಾರಗಳು ಕಳೆದ ಮೇಲೆ ಗೊತ್ತಾಗುತ್ತದೆ. ಬಿದ್ದ ಹೆಲ್ಮೆಟ್ ಮತ್ತೆ ಹಾಕಬೇಡ. ಹೊರಗಡೆ ಬರೀ ಉಜ್ಜಿರುತ್ತದೆ, ಆದರೆ ಒಳಗಿನ ಪದರ ಒಂದು ಸಲದ ಹೊಡೆತಕ್ಕೇ ಮಾಡಿದ್ದು, ಅದು ಕುಸಿದಿದ್ದರೆ ಕಾಣುವುದಿಲ್ಲ. ಹೊಸದಕ್ಕೆ ದುಡ್ಡು ನಾನು ಕಳಿಸುತ್ತೇನೆ. ನೀನು ದುಡಿಯುತ್ತೀಯ ಅಂತ ಗೊತ್ತು. ಆದರೂ ಕಳಿಸುತ್ತೇನೆ. ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿ ಹಾಕು. ಮಳೆ ಬಂದ ಮೊದಲ ಹತ್ತು ನಿಮಿಷ ರಸ್ತೆ ಎಣ್ಣೆ ಎಣ್ಣೆ ಆಗಿರುತ್ತದೆ, ಗಾಡಿ ನಿಲ್ಲಿಸಿಬಿಡು. ದೊಡ್ಡ ಗಾಡಿಯವರಿಗೆ ನೀನು ಕಂಡಿದ್ದೀಯ ಅಂತ ನಂಬಬೇಡ. ಬೈಯುತ್ತಿದ್ದೇನೆ ಅಂತ ಅನಿಸುತ್ತಿದೆಯಾ? ಇಲ್ಲ ಪುಟ್ಟಿ. ಬೈಕ್ ಮಾರು ಅಂತ ಬರೆಯಲು ಎಷ್ಟು ಸಲ ಕೈ ಹೋಯಿತೋ. ಬರೆಯಲಿಲ್ಲ. ಬೇರೆ ದೇಶದಲ್ಲಿ ಒಬ್ಬಳೇ ಪರೀಕ್ಷೆ ಪಾಸು ಮಾಡಿ, ನಿನ್ನ ಸಂಪಾದನೆಯಲ್ಲಿ ಕೊಂಡ ಗಾಡಿ ಅದು. ಕುಕ್ಕರಹಳ್ಳಿ ಕೆರೆ ರಸ್ತೆಯಲ್ಲಿ ಸ್ಕೂಟಿ ಕಲಿಯುವಾಗ ನನ್ನನ್ನು ಹಿಂದೆ ಕೂರಿಸಿಕೊಂಡು ಎಷ್ಟು ಜಂಬದಲ್ಲಿ ಬಿಟ್ಟೆ. ನನಗೂ ಅಷ್ಟೇ ಜಂಬ ಇತ್ತು.

ಮೇಕನ್‌ಗೆ ಹೋಗಬೇಕು ಅಂದೆ. ಹೋಗು. ಅಟ್ಲಾಂಟಾದಿಂದ 130 ಕಿಲೋಮೀಟರ್ ಚಿಲ್ಲರೆ. ಈ ಸಲ ಗೆಳತಿಯ ಕಾರಿನಲ್ಲಿ ಹೋಗು. ಬ್ಯಾಂಡಿನವರು ಒಟ್ಟಿಗಿದ್ದ ದೊಡ್ಡ ಮನೆ ಈಗ ಮ್ಯೂಸಿಯಂ. ಅಲ್ಲಿಂದ ರೋಸ್ ಹಿಲ್ ಸ್ಮಶಾನ. ಡ್ವೇನ್, ಬೆರ್ರಿ ಅಕ್ಕಪಕ್ಕ ಇದ್ದಾರೆ. 2017ರಲ್ಲಿ ತೀರಿಕೊಂಡ ಡ್ವೇನ್ ತಮ್ಮ, ಬ್ಯಾಂಡಿನ ಹಾಡುಗಾರ ಗ್ರೆಗ್ ಕೂಡ ಅಲ್ಲೇ. ಮೂರನೇ ಸೈಡಿನ ಹಾಡಿಗೆ ಹೆಸರು ಕೊಟ್ಟ ಎಲಿಜಬೆತ್ ರೀಡ್ ಸಮಾಧಿಯೂ ಅಲ್ಲೇ ಇದೆ. ಗಿಟಾರ್ ವಾದಕ ಡಿಕಿ ಬೆಟ್ಸ್ ಆ ಕಲ್ಲಿನ ಮೇಲಿನ ಹೆಸರನ್ನೇ ತನ್ನ ಹಾಡಿಗೆ ಇಟ್ಟ. ನೀನು ಕೈಯಲ್ಲಿ ಹಿಡಿದ ಕವರ್ ಇದೆಯಲ್ಲ, ಇಟ್ಟಿಗೆ ಗೋಡೆಯ ಮುಂದೆ ಪೆಟ್ಟಿಗೆಗಳ ಮೇಲೆ ಎಲ್ಲರೂ ಕೂತು ನಗುತ್ತಿರುವುದು, ಅದು ಕಛೇರಿ ನಡೆದ ನ್ಯೂಯಾರ್ಕ್ ಅಲ್ಲ. ಜಿಮ್ ಮಾರ್ಷಲ್ ಆ ಫೋಟೋ ತೆಗೆದದ್ದು ಮೇಕನ್‌ನಲ್ಲೇ.

ಮೊದಲ ಹಾಡು ‘ಸ್ಟೇಟ್ಸ್‌ಬರೋ ಬ್ಲೂಸ್’ ನಿನ್ನ ಊರಿನದ್ದೇ ಅಂತ ನಿನಗೆ ಗೊತ್ತಿರಲಿಲ್ಲ ಅನಿಸುತ್ತದೆ. ಕಣ್ಣು ಕಾಣದ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್ 1928ರಲ್ಲಿ ಅದನ್ನು ರೆಕಾರ್ಡ್ ಮಾಡಿದ್ದು ಅಟ್ಲಾಂಟಾದಲ್ಲಿ. ಡ್ವೇನ್‌ಗೆ ಅದು ಬಂದದ್ದು ತಾಜ್ ಮಹಲ್ ಎಂಬ ಹಾಡುಗಾರನ ರೆಕಾರ್ಡಿನಿಂದ. ನೆಗಡಿಯಾಗಿ ಮಲಗಿದ್ದ ಅಣ್ಣನ ಹುಟ್ಟುಹಬ್ಬಕ್ಕೆ ಗ್ರೆಗ್ ಆ ರೆಕಾರ್ಡನ್ನೂ ಕೊರಿಸಿಡಿನ್ ಮಾತ್ರೆಯ ಸೀಸೆಯನ್ನೂ ತಂದುಕೊಟ್ಟ. ಡ್ವೇನ್ ಮಾತ್ರೆ ಸುರಿದು, ಸೀಸೆಯ ಚೀಟಿ ತೊಳೆದು, ಅದನ್ನೇ ಬೆರಳಿಗೆ ಹಾಕಿ ತಂತಿಯ ಮೇಲೆ ಜಾರಿಸಲು ಕಲಿತ. ಆ ಹಾಡಿನಲ್ಲಿ ಅಳುವ ಗಿಟಾರ್ ಆ ಗಾಜಿನದ್ದು. ಅದಕ್ಕೂ ಮುಂಚೆ, ಹುಡುಗನಾಗಿದ್ದಾಗ, ತನ್ನ ಮೊದಲ ಮೋಟಾರ್ ಸೈಕಲ್ ಓಡಿಸಿ ಓಡಿಸಿ ಹಾಳು ಮಾಡಿ, ಬಿಡಿಭಾಗ ಕೊಟ್ಟು ಗಿಟಾರ್ ತೊಗೊಂಡಿದ್ದನಂತೆ. ಅಲ್ಲಿಗೇ ಬೈಕಿನ ಸಹವಾಸ ಬಿಟ್ಟಿದ್ದರೆ ಅಂತ ಪ್ರತಿ ಸಲ ಅಂದುಕೊಳ್ಳುತ್ತೇನೆ. ಅವರಮ್ಮ ಜೆರಾಲ್ಡಿನ್ ಗಂಡನನ್ನು ಆಗಲೇ ಕಳೆದುಕೊಂಡಿದ್ದವಳು. ಮಕ್ಕಳಿಗೆ ಎರಡು ವರ್ಷ, ಮೂರು ವರ್ಷ ಇದ್ದಾಗ ಯಾರೋ ಲಿಫ್ಟ್ ಕೇಳಿದವನು ಗಂಡನನ್ನು ಕೊಂದಿದ್ದ. ಒಬ್ಬಳೇ ಸಾಕಿದಳು. ಮನೆಗೆ ಫೋನ್ ಬಂದಾಗ ಆ ತಾಯಿ ಯಾವ ಕೆಲಸದಲ್ಲಿ ಇದ್ದಳೋ. ರೆಕಾರ್ಡುಗಳ ಪುಸ್ತಕಗಳಲ್ಲಿ ಇಂಥದ್ದನ್ನು ಯಾರೂ ಜಾಸ್ತಿ ಬರೆಯುವುದಿಲ್ಲ.

ಸಾಕು. ರೆಕಾರ್ಡಿಗೆ ಬರುತ್ತೇನೆ. ನನ್ನ ಹತ್ತಿರ ಇರುವುದು ಆಮೇಲಿನ ಮರುಮುದ್ರಣ. ಅದರಲ್ಲೂ 1971ರ ಮಾರ್ಚಿನ ಆ ರಾತ್ರಿಗಳು ಚೆನ್ನಾಗಿಯೇ ಕೇಳುತ್ತವೆ. ರೆಕಾರ್ಡಿನ ನಿರ್ಮಾಪಕ ಟಾಮ್ ಡೌಡ್ ಹೊರಗೆ ನಿಂತ ಟ್ರಕ್ಕಿನಲ್ಲಿ ಕೂತು ಟೇಪ್ ಮಾಡಿದ್ದು ಅಂತ ನಂಬುವುದೇ ಕಷ್ಟ. ತಕರಾರಿಲ್ಲ. ಆದರೂ ಆ ಗುಲಾಬಿ ಲೇಬಲ್ ನಿನ್ನ ಕೈಗೆ ಬಂದರೆ ನನಗೆ ಆಸೆ ಇದೆ. ಗೀರಿಲ್ಲದಿದ್ದರೆ, ನಾಲ್ಕನೇ ಸೈಡ್ ಸರಿ ಇದ್ದರೆ ತೊಗೋ. ಅಂಗಡಿಯಿಂದ ಬೈಕಿನಲ್ಲಿ ತರಬೇಡ, ಬಿಸಿಲಲ್ಲಿ ಕಾರಿನೊಳಗೂ ಬಿಡಬೇಡ, ಬಗ್ಗಿಹೋಗುತ್ತದೆ. ಮನೆಯಲ್ಲಿ ನಿಲ್ಲಿಸಿ ಇಡು, ಒಂದರ ಮೇಲೊಂದು ಪೇರಿಸಬೇಡ. ನನಗೆ ಪಾರ್ಸೆಲ್ ಮಾಡುವುದು ಬೇಡ. ಡಿಸೆಂಬರಿನಲ್ಲಿ ಬರುವಾಗ ಕೈಚೀಲದಲ್ಲಿ ತಾ. ಪ್ಲೇಟುಗಳನ್ನು ಕವರಿನ ಹೊರಗೆ ಬೇರೆ ಇಡು, ಇಲ್ಲದಿದ್ದರೆ ಅಂಚು ಹರಿಯುತ್ತದೆ.

ನಾಳೆ ಡಾಕ್ಟರ್ ಹತ್ತಿರ ಹೋಗು. ಅವರು ಕೊಟ್ಟ ಚೀಟಿಯ ಫೋಟೋ ಮೊದಲು ಕಳಿಸು. ಲೇಬಲ್‌ನದ್ದು ಆಮೇಲೆ ಕಳಿಸಿದರೆ ಸಾಕು. ನಿನ್ನಪ್ಪ ಹೆಲ್ಮೆಟ್ ಸೈಜ್ ಕೇಳುತ್ತಿದ್ದಾರೆ, ಅದನ್ನೂ ಬರೆ.

ನಿನ್ನ
ಅಮ್ಮ